ನಿಂತ ಜಾಗದಲ್ಲೇ ಗಾಡಿ ಬೀಳುತ್ತೆ: ತಡೆಯೋದು ಹೇಗೆ, ಬಿದ್ದ ಮೇಲೆ ನೋಡಬೇಕಾದ್ದೇನು?

ನಿಧಾನಸವಾರಿ
ಎಲ್ಲರಿಗೂ ನಮಸ್ಕಾರ. ಓಡ್ತಾ ಇರುವಾಗ ನನ್ನ ಬೈಕು ಒಮ್ಮೆಯೂ ಕೈಕೊಟ್ಟಿಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ತಳ್ಳುವಾಗ ಬೀಳುತ್ತೆ. ಹಿಂದೆ ಇದ್ದದ್ದು ಹಗುರ ಗಾಡಿ, ವಾಲಿದರೂ ಒಂದು ಕಾಲಲ್ಲಿ ತಡೀಬಹುದಿತ್ತು. ಈಗಿನದು 190 ಕೆಜಿ. ನನ್ನ ಎತ್ತರ ಐದೂಕಾಲು ಅಡಿ, ಎರಡೂ ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತೆ. ಇಕ್ಕಟ್ಟಾದ ಕಡೆ ಯು ಟರ್ನ್ ಹೊಡೆಯೋವಾಗ ಎದುರಿಗೆ ಯಾರೋ ಬಂದರು ಅಂತ ಬ್ರೇಕ್ ಹಿಡಿದರೆ ಸಾಕು, ಗಾಡಿ ಒಂದು ಕಡೆ ವಾಲುತ್ತೆ. ಆಮೇಲೆ ಎಷ್ಟು ಬಲ ಹಾಕಿದರೂ ನಿಲ್ಲಲ್ಲ.

ಹೋದ ವಾರ ಕಾಲು ಗಾಡಿ ಕೆಳಗೆ ಸಿಕ್ಕಿಕೊಂಡಿತು. ಮೂಳೆಗೆ ಏನೂ ಆಗಿಲ್ಲ, ಪಾದದ ಗಂಟು ಊದಿದೆ. ಮನೆಯವರು ಮಾರಿಬಿಡು ಅಂತಿದಾರೆ. ಗಾಡಿ ನನಗೆ ಬಹಳ ಇಷ್ಟ, ಮಾರುವ ಮನಸ್ಸಿಲ್ಲ. ನನ್ನ ಹಾಗೆ ಕಾಲು ಎಟುಕದವರು ಭಾರದ ಗಾಡಿ ಹೇಗೆ ಸಂಭಾಳಿಸ್ತೀರಿ? ಬಿದ್ದ ಮೇಲೆ ಎತ್ತೋದು ಹೇಗೆ, ಮತ್ತೆ ಹತ್ತಿ ಹೊರಡುವ ಮೊದಲು ಏನೇನು ನೋಡಬೇಕು? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮೂರನೇಗೇರ್
ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡೀತಿದೀರಾ? ಹೌದು ಅಂದ್ರೆ ಕಾರಣ ಅದೇ.

ನಿಧಾನಸವಾರಿ
ಹೌದು, ಅದನ್ನೇ ಹಿಡಿಯೋದು. ಕಾಲು ನೆಲಕ್ಕೆ ಇಡೋ ಗಡಿಬಿಡಿಯಲ್ಲಿ ಹಿಂದಿನ ಬ್ರೇಕ್ ಒತ್ತೋಕೆ ಆಗಲ್ಲ.

ಹಳೇಗಾಡಿ
ಹ್ಯಾಂಡಲ್ ನೇರ ಇದ್ದಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಮೂತಿ ತಗ್ಗಿಸಿ ನೇರವಾಗೇ ನಿಲ್ಲುತ್ತೆ. ಹ್ಯಾಂಡಲ್ ತಿರುಗಿದ್ದಾಗ ಹಿಡಿದರೆ ಮುಂದಕ್ಕೆ ನುಗ್ಗೋ ಭಾರಕ್ಕೆ ಚಕ್ರ ಅಡ್ಡ ನಿಲ್ಲುತ್ತೆ, ಗಾಡಿ ತಿರುವಿನ ಒಳಗಡೆಗೆ ಕುಸಿಯುತ್ತೆ. ನಡಿಗೆಯ ವೇಗ ಇದ್ದರೂ ಸಾಕು. ಅಷ್ಟು ನಿಧಾನದಲ್ಲಿ ಗಾಡಿಯನ್ನ ನಿಲ್ಲಿಸೋ ಶಕ್ತಿ ಚಕ್ರದ ತಿರುಗಾಟದಿಂದ ಬರಲ್ಲ, ನೀವೇ ಕೊಡಬೇಕು.

ಕೊಡೋದು ಹಾಫ್ ಕ್ಲಚ್‌ನಿಂದ. ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿ ಇಟ್ಟು, ಕ್ಲಚ್ಚನ್ನ ಅರ್ಧದಲ್ಲಿ ಆಡಿಸ್ತಾ, ಹಿಂದಿನ ಬ್ರೇಕನ್ನ ಸ್ವಲ್ಪವೇ ಒತ್ತಿಹಿಡೀರಿ. ಎಂಜಿನ್ ಎಳೀತಿರುತ್ತೆ, ಬ್ರೇಕ್ ತಡೀತಿರುತ್ತೆ, ಆ ಎಳೆದಾಟದಲ್ಲಿ ಗಾಡಿ ನೆಟ್ಟಗೆ ನಿಲ್ಲುತ್ತೆ. ಕಾಲು ಎರಡೂ ಫುಟ್‌ರೆಸ್ಟ್ ಮೇಲೇ ಇರಲಿ. ಖಾಲಿ ಜಾಗದಲ್ಲಿ ಒಂದು ಸಂಜೆ ಇಷ್ಟನ್ನೇ ಮಾಡಿ, ವ್ಯತ್ಯಾಸ ನಿಮಗೇ ಕಾಣುತ್ತೆ.

ಇನ್ನೊಂದು, ನೆಲ ನೋಡಬೇಡಿ. ಎಲ್ಲಿಗೆ ಹೋಗಬೇಕೋ ಆ ಕಡೆ ಕತ್ತು ತಿರುಗಿಸಿ ನೋಡಿ. ನೆಲ ನೋಡಿದವರು ನೆಲಕ್ಕೇ ಹೋಗ್ತಾರೆ, ಇದನ್ನ ನಾನು ಕಲಿಸಿದ ಹುಡುಗರಲ್ಲೆಲ್ಲ ಕಂಡಿದೀನಿ.

ಫಿಸಿಕ್ಸ್‌ಮೇಷ್ಟ್ರು
"ಆಮೇಲೆ ಎಷ್ಟು ಬಲ ಹಾಕಿದರೂ ನಿಲ್ಲಲ್ಲ" ಅಂದ್ರಲ್ಲ, ಅದಕ್ಕೆ ಲೆಕ್ಕ ಇದೆ. ನೇರವಾಗಿ ನಿಂತ ಗಾಡಿಯ ಭಾರ ಪೂರ್ತಿ ಟೈರುಗಳ ಮೇಲೆ, ನಿಮ್ಮ ಪಾಲಿಗೆ ಏನೂ ಇಲ್ಲ. ವಾಲಿದ ಹಾಗೆ ನಿಮ್ಮ ಪಾಲು ಬೆಳೆಯುತ್ತೆ. 190 ಕೆಜಿ ಗಾಡಿ, ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್, ನೀವು ಹ್ಯಾಂಡಲ್ ಹಿಡಿದಿರೋದು ಒಂದು ಮೀಟರ್ ಎತ್ತರದಲ್ಲಿ ಅಂತ ಇಟ್ಕೊಳ್ಳಿ. 10 ಡಿಗ್ರಿ ವಾಲಿದಾಗ ತಡೆಯೋಕೆ ಸುಮಾರು 18 ಕೆಜಿಯಷ್ಟು ಬಲ ಸಾಕು. 20 ಡಿಗ್ರಿಗೆ 36. 30 ಡಿಗ್ರಿಗೆ 52. ಇದು ಗಾಡಿ ಆ ಕೋನದಲ್ಲಿ ಸುಮ್ಮನೆ ನಿಂತಿದ್ದರೆ ಬೇಕಾದ ಬಲ. ಆಗಲೇ ಬೀಳ್ತಾ ಇದ್ದರೆ ಇನ್ನೂ ಹೆಚ್ಚು.

ಹಾಗಾಗಿ ಹಿಡಿಯೋದಿದ್ದರೆ ಮೊದಲ ಹತ್ತು ಡಿಗ್ರಿ ಒಳಗೇ ಹಿಡೀಬೇಕು. ಕಾಲ ತುದಿಯಲ್ಲಿ ನಿಂತವರಿಗೆ ಆಮೇಲಿನದು ಸಾಧ್ಯವಿಲ್ಲ, ಅದು ತೋಳಿನ ಬಲದ ಪ್ರಶ್ನೆಯೇ ಅಲ್ಲ.

ಸಂಜೆಸವಾರ
ಸಾಧ್ಯವಿಲ್ಲ ಅಂತ ಸುಮ್ಮನೆ ಬಿಡೋದಾ ಮೇಷ್ಟ್ರೇ? ಟ್ಯಾಂಕಿಗೆ ಡೆಂಟು ಬಿದ್ದರೆ ಸರಿ ಮಾಡಿಸೋದು ಎಷ್ಟು ಕಷ್ಟ ಗೊತ್ತಾ? ನಾನಂತೂ ಕೊನೇವರೆಗೂ ಹಿಡ್ಕೋತೀನಿ. ಪೂರ್ತಿ ನಿಲ್ಲಿಸೋಕೆ ಆಗದೆ ಇದ್ದರೂ ಮೆಲ್ಲಗೆ ಮಲಗಿಸಬಹುದು.

ದಾದಿಅಕ್ಕ
ಸಂಜೆಸವಾರ, ದಯವಿಟ್ಟು ಹೀಗೆ ಹೇಳ್ಕೊಡಬೇಡಿ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡೋಳು. ನಿಂತ ಗಾಡಿ ಹಿಡಿಯೋಕೆ ಹೋಗಿ ಸೊಂಟ ಉಳುಕಿಸ್ಕೊಂಡವರು, ಕಾಲ್ಬೆರಳು ಮುರ್ಕೊಂಡವರು, ಸೈಲೆನ್ಸರ್ ಕೆಳಗೆ ಕಾಲು ಸಿಕ್ಕಿ ಮೀನಖಂಡ ಸುಟ್ಕೊಂಡವರು ಎಷ್ಟೋ ಜನ ಬರ್ತಾರೆ. ಡೆಂಟಾದ ಟ್ಯಾಂಕಿಗೆ ಬೇರೆ ಟ್ಯಾಂಕು ಸಿಗುತ್ತೆ. ಹತ್ತು ಡಿಗ್ರಿ ದಾಟಿತು ಅಂತ ಮೈಗೆ ಗೊತ್ತಾದ ಕೂಡಲೇ ಹ್ಯಾಂಡಲ್ ಬಿಟ್ಟು, ಗಾಡಿ ಬೀಳೋ ಕಡೆಯಿಂದ ಕಾಲು ತೆಗೆದು ದೂರ ಸರೀರಿ.

ಸೈಲೆನ್ಸರ್ ತಾಗಿ ಸುಟ್ಟರೆ ಹರಿಯೋ ತಣ್ಣೀರಿನಲ್ಲಿ 20 ನಿಮಿಷ ಹಿಡೀಬೇಕು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಎಣ್ಣೆ ಬೇಡ.

ನಿಧಾನಸವಾರಿ, ಪಾದದ ಗಂಟಿನ ಊತ ಇಳೀತಾ ಇಲ್ಲ, ಕಾಲೂರಿ ನಾಲ್ಕು ಹೆಜ್ಜೆ ಇಡೋಕೆ ಆಗ್ತಿಲ್ಲ ಅಂದ್ರೆ ಎಕ್ಸ್‌ರೇ ಮಾಡಿಸಿ.

ನಿಧಾನಸವಾರಿ
ಎಕ್ಸ್‌ರೇ ಆಗಿದೆ ಅಕ್ಕ, ಬಿರುಕೇನೂ ಇಲ್ಲ ಅಂದ್ರು. ಓಡಾಡ್ತಿದೀನಿ.

ಕೆಂಪುಟ್ಯಾಂಕು
ನೋಡ್ರಿ, ಸೀಟ್ ಎತ್ತರ ಕಡಿಮಿ ಮಾಡಿಸ್ರಿ, ಅರ್ಧ ತ್ರಾಸ ಹೋಗತದ. ಫೋಮ್ ಕೆತ್ತಿಸಿದ್ರ ಒಂದೂವರಿ ಎರಡು ಇಂಚು ಇಳೀತದ. ದಪ್ಪ ಅಟ್ಟಿ ಇರೋ ಬೂಟು ಹಾಕ್ರಿ, ಅಲ್ಲೊಂದು ಅರ್ಧ ಇಂಚು.

ಆದ್ರ ಸಸ್ಪೆನ್ಷನ್ ಇಳಿಸೂದಾದ್ರ ಒಂದ್ ಮಾತ್ ಮರೀಬ್ಯಾಡ್ರಿ. ಗಾಡಿ ಇಳಿದ್ರೂ ಸೈಡ್ ಸ್ಟ್ಯಾಂಡ್ ಉದ್ದ ಹಂಗ ಇರತದ. ಆಗ ಗಾಡಿ ಎಡಕ್ಕ ವಾಲೂದ ಬಿಟ್ಟು ನೆಟ್ಟಗ ನಿಂತಂಗ ಆಗತದ, ಸ್ವಲ್ಪ ಗಾಳಿ ಬೀಸಿದ್ರೂ, ಯಾರಾರ ತಾಕಿದ್ರೂ ಬಲಕ್ಕ ಬೀಳತದ. ನಮ್ಮ ತಮ್ಮನ ಗಾಡಿ ಹಂಗ ಬಿದ್ದು ಪಕ್ಕದ ಗಾಡಿನೂ ಕೆಡವಿತು. ಸ್ಟ್ಯಾಂಡೂ ಅಷ್ಟ ಗಿಡ್ಡ ಮಾಡಿಸ್ಬೇಕು. ತಿರುವಿನ್ಯಾಗ ಕೆಳಗಿನ ಭಾಗ ನೆಲಕ್ಕ ಉಜ್ಜೂದು ಬ್ಯಾರೆ.

ಹಿಂಬದಿಸೀಟು
ಎರಡೂ ಕಾಲು ಯಾಕೆ ಇಡಬೇಕು? ನಾನು ನಿಧಾನಸವಾರಿಗಿಂತ ಗಿಡ್ಡ, ನಿಲ್ಲಿಸುವಾಗ ಸೀಟಿನ ಎಡಕ್ಕೆ ಸರಿದು ಎಡಗಾಲು ಪೂರ್ತಿ ಊರುತ್ತೀನಿ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಎರಡು ತುದಿಗಾಲಿಗಿಂತ ಒಂದು ಪೂರ್ತಿ ಪಾದ ಎಷ್ಟೋ ವಾಸಿ. ನಿಧಾನಸವಾರಿ ಹೇಳಿದ "ಹಿಂದಿನ ಬ್ರೇಕ್ ಒತ್ತೋಕೆ ಆಗಲ್ಲ" ಅನ್ನೋ ತೊಂದರೆಯೂ ಇದರಲ್ಲೇ ತೀರುತ್ತೆ.

ಆದರೆ ಎಲ್ಲಿ ನಿಲ್ಲಿಸ್ತೀವಿ ಅನ್ನೋದನ್ನ ಮೊದಲೇ ನೋಡ್ಕೋಬೇಕು. ಕಾಲಿಡೋ ಕಡೆ ನೆಲ ತಗ್ಗಾಗಿದ್ದರೆ, ಅಲ್ಲಿ ಜಲ್ಲಿ ಇದ್ದರೆ, ಎಷ್ಟು ಉದ್ದ ಕಾಲಿದ್ದವರೂ ಬೀಳ್ತಾರೆ. ಎರಡು ಅಡಿ ಹಿಂದೆಯೋ ಮುಂದೆಯೋ ನಿಲ್ಲಿಸಿದರೆ ಆಯ್ತು.

ಹಿಂದೆ ಕೂರೋರೂ ಹೇಳದೆ ಕೇಳದೆ ಹತ್ತಬಾರದು, ಇಳೀಬಾರದು. ಸವಾರರು "ಹತ್ತಿ" ಅನ್ನಬೇಕು, ಆಮೇಲೆ ಹತ್ತಬೇಕು. ನಾನು ಹಿಂದೆ ಕೂತಾಗಲೂ ಇದನ್ನ ಬಿಡಲ್ಲ.

ಮಳೆಸವಾರ
ಸೈಡ್ ಸ್ಟ್ಯಾಂಡಿನ ವಿಷಯ ಬಂತಲ್ಲ ಮಾರಾಯ್ರೆ, ನೆಲ ನೋಡಿ ಸ್ಟ್ಯಾಂಡ್ ಹಾಕಿ ಅಂತ ಯಾರೂ ಹೇಳುವುದೇ ಇಲ್ಲ. ಮಳೆಗಾಲದಲ್ಲಿ ಹಸಿ ಮಣ್ಣಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಹೂತು ಹೋಗ್ತದೆ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲೂ ಅದೇ ಕಥೆ. ಒಂದು ಚಪ್ಪಟೆ ಕಲ್ಲೋ ಹಲಗೆ ತುಂಡೋ ಅಡಿಗಿಟ್ಟರೆ ಸಾಕು. ಇಳಿಜಾರಿನಲ್ಲಿ ಮೂತಿ ಮೇಲ್ಮುಖವಾಗಿ ನಿಲ್ಲಿಸಿ ಫಸ್ಟ್ ಗೇರಿಗೆ ಹಾಕಿ. ಮೂತಿ ಕೆಳಗೆ ಇದ್ದರೆ ಗಾಡಿ ಮುಂದೆ ಜರುಗಿ ಸ್ಟ್ಯಾಂಡ್ ತಾನಾಗಿ ಮಡಚಿಕೊಳ್ತದೆ. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿಡುವುದು ಒಳ್ಳೆಯದು.

ಗುಡುಗು
ಇದೆಲ್ಲ ಪಾರ್ಕಿಂಗ್ ವಿಷಯ. ಪ್ರಾಣ ಉಳಿಸೋ ವಿಷಯ ಮಾತಾಡಿ. ಎದುರಿಗೆ ದಿಢೀರ್ ಅಂತ ಗಾಡಿ ಅಡ್ಡ ಬಂದಾಗ ಬೇಕಂತಲೇ ಬೈಕನ್ನ ಮಲಗಿಸಿ ಜಾರಿಕೊಂಡು ಹೋಗೋದು ಕಲೀಬೇಕು. ನಮ್ಮ ಮಾವ ಹಾಗೇ ಬದುಕಿದ್ದು, ಇಲ್ಲದಿದ್ರೆ ನೇರ ಹೋಗಿ ಗುದ್ದಿರೋರು.

ಮೂರನೇಗೇರ್
ಇಲ್ಲ ಗುರು, ಈ ಮಾತು ಬಹಳ ಜನರಿಗೆ ಪೆಟ್ಟು ತಂದಿದೆ. ಬೈಕು ನಿಲ್ಲಿಸೋ ಅತಿ ಒಳ್ಳೆ ಸಾಧನ ಟೈರು. ಅದನ್ನ ನೆಲದಿಂದ ಎತ್ತಿ ತಗಡು, ಪ್ಲಾಸ್ಟಿಕ್ಕು, ಪ್ಯಾಂಟಿನ ಮೇಲೆ ಜಾರಿದರೆ ಬೇಗ ನಿಲ್ಲುತ್ತಾ?

ಗುಡುಗು
ಮಾವ ನಿಂತರಲ್ಲ.

ಫಿಸಿಕ್ಸ್‌ಮೇಷ್ಟ್ರು
ಲೆಕ್ಕ ಹಾಕೋಣ. ವೇಗ ಗಂಟೆಗೆ 60 ಕಿಲೋಮೀಟರ್, ಅಂದ್ರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಒಣ ಡಾಂಬರಿನ ಮೇಲೆ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಗುರುತ್ವದ 0.8 ಪಟ್ಟು ತಡೆ (ವೇಗ ಇಳಿಯೋ ದರ) ಸಿಗುತ್ತೆ ಅನ್ನಿ. ಬ್ರೇಕ್ ಹಿಡಿದಲ್ಲಿಂದ ಸುಮಾರು 18 ಮೀಟರಿನಲ್ಲಿ ನಿಲ್ತೀರಿ. ಮಲಗಿ ಜಾರೋ ಬೈಕಿಗೆ ಸಿಗೋದು ಅದರ ಅರ್ಧ, 0.4ರ ಆಸುಪಾಸು. ಆಗ ಬೇಕಾದ ದೂರ 35 ಮೀಟರ್.

ಇನ್ನೊಂದು ಕಡೆಯಿಂದ ನೋಡಿ. ಅಡ್ಡ ಬಂದ ಗಾಡಿ 18 ಮೀಟರ್ ದೂರದಲ್ಲಿದೆ. ಬ್ರೇಕ್ ಹಿಡಿದವರು ಅದರ ಮುಂದೆ ನಿಂತಿರ್ತಾರೆ. ಮಲಗಿಸಿದವರು ಅದಕ್ಕೆ ಗುದ್ದೋವಾಗ ಇನ್ನೂ 42 ಕಿಲೋಮೀಟರ್ ವೇಗದಲ್ಲಿ ಇರ್ತಾರೆ, ಅದೂ ನೆಲಮಟ್ಟದಲ್ಲಿ, ಚಕ್ರಗಳ ಕಡೆಗೆ. 12 ಮೀಟರ್ ಮಾತ್ರ ಜಾಗ ಇದ್ದರೆ ಇಬ್ಬರೂ ಗುದ್ದುತ್ತಾರೆ, ಒಬ್ಬರು 34ರಲ್ಲಿ, ಇನ್ನೊಬ್ಬರು 49ರಲ್ಲಿ. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ಹೊಂದಿಕೊಂಡು ಏರುತ್ತೆ, ಅಂದರೆ ಎರಡನೆಯವರಿಗೆ ದುಪ್ಪಟ್ಟು.

ಗುಡುಗು
ಮೇಷ್ಟ್ರೇ, ಕಾಗದದ ಮೇಲೆ ಲೆಕ್ಕ ಸರಿ ಇರಬಹುದು. ಆ ಕ್ಷಣದಲ್ಲಿ ಎದುರಿಗೆ ಗೋಡೆ ಹಾಗೆ ಲಾರಿ ನಿಂತಾಗ ಯಾರಿಗೂ 0.8 ಸಿಗಲ್ಲ.

ಹಳೇಗಾಡಿ
ಗುಡುಗು ಹೇಳೋದರಲ್ಲಿ ಒಂದು ನಿಜ ಇದೆ, ಆ ಕ್ಷಣದಲ್ಲಿ ಬಹಳ ಜನಕ್ಕೆ ಸಿಗಲ್ಲ. ಯಾಕೆ ಸಿಗಲ್ಲ ಅಂತ ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನೋರು ಕೂಲಂಕಷವಾಗಿ ನೋಡಿದಾರೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿತು, ಜೊತೆಗೆ 3,600 ಪೊಲೀಸ್ ವರದಿ ಓದಿತು. ವರದಿ ಬಂದದ್ದು 1981ರಲ್ಲಿ. ಹಳೇದು, ಆದರೆ ಅದರಲ್ಲಿ ಹೇಳಿರೋದು ಇವತ್ತಿಗೂ ರಸ್ತೆಯಲ್ಲಿ ಕಾಣುತ್ತೆ.

ಅಪಾಯ ಕಂಡಲ್ಲಿಂದ ಗುದ್ದೋವರೆಗೆ ಸವಾರರಿಗೆ ಸಾಮಾನ್ಯವಾಗಿ ಸಿಗೋ ಸಮಯ ಎರಡು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನ ವಿಪರೀತ ತುಳಿದು ಚಕ್ರ ಲಾಕ್ ಮಾಡಿದಾರೆ, ಮುಂದಿನ ಬ್ರೇಕನ್ನ ಸಾಕಷ್ಟು ಹಿಡಿದೇ ಇಲ್ಲ. ಹ್ಯಾಂಡಲ್ ತಳ್ಳಿ ಪಕ್ಕಕ್ಕೆ ತಪ್ಪಿಸಿಕೊಂಡವರು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಒಂಟಿ ಬೈಕಿನ ಅಪಘಾತಗಳಲ್ಲೂ ಮೂರರಲ್ಲಿ ಎರಡು ಪಾಲು ಸವಾರರದೇ ತಪ್ಪು: ಬ್ರೇಕ್ ಹೆಚ್ಚಾಗಿ ಜಾರಿದ್ದು, ಇಲ್ಲಾ ತಿರುವಿನಲ್ಲಿ ವೇಗ ಹೆಚ್ಚಾಗಿ ಹೊರಗೆ ಹೋದದ್ದು.

ನನ್ನ ಲೆಕ್ಕದಲ್ಲಿ "ಮಲಗಿಸಿದೆ" ಅನ್ನೋ ಬಹಳ ಕಥೆಗಳು ಇವೇ. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಾನೇ ಮಲಗಿರುತ್ತೆ, ಆಮೇಲೆ ನೆನಪು ಅದನ್ನ ನಿರ್ಧಾರ ಅಂತ ಜೋಡಿಸಿಕೊಳ್ಳುತ್ತೆ. ಮಾವ ಸುಳ್ಳು ಹೇಳ್ತಿದಾರೆ ಅಂತಲ್ಲ.

ಗುಡುಗು
ಅವರ ಗಾಡಿಗೆ ಎರಡೂ ಕಡೆ ಡ್ರಮ್ ಬ್ರೇಕ್ ಇತ್ತು, ಮುಂದಿನದು ಹಿಡಿಯೋದೇ ಕಡಿಮೆ. ಹಿಂದಿನದನ್ನೇ ತುಳೀತಿದ್ದರು ಅನ್ನೋದು ನಿಜ. ಸರಿ, ಈಗಿನ ಡಿಸ್ಕ್ ಬ್ರೇಕ್ ಗಾಡಿಗೆ ನನ್ನ ಮಾತು ಹೊಂದಲ್ಲ ಅಂತ ಒಪ್ಪಿದೆ. ಹಳೇ ಗಾಡಿಗೆ ಇನ್ನೂ ಒಪ್ಪಲ್ಲ.

ಮೂರನೇಗೇರ್
ಹಳೇ ಗಾಡಿಗೂ ಟೈರು ರಬ್ಬರಿಂದೇ ಅಲ್ವಾ?

ಟ್ರ್ಯಾಕ್‌ಪ್ರೇಮಿ
ಎಬಿಎಸ್ ಇರೋ ಗಾಡಿ ತಗೊಳ್ಳಿ, ಜಗಳ ಮುಗೀತು. ಮೋಟಾರ್‌ಸೈಕಲ್‌ಗೆ ಅದನ್ನ ಮೊದಲು ತಂದದ್ದು ಬಿಎಂಡಬ್ಲ್ಯೂ, 1988ರಲ್ಲಿ, ಕೆ100 ಮೇಲೆ. ಅಮೆರಿಕದಲ್ಲಿ ಒಂದೇ ಮಾದರಿಯ ಗಾಡಿಗಳನ್ನ ಎಬಿಎಸ್ ಇರೋದು, ಇಲ್ಲದ್ದು ಅಂತ ಹೋಲಿಸಿ ನೋಡಿದಾಗ ಇದ್ದವುಗಳಲ್ಲಿ ಸಾವಿನ ಅಪಘಾತದ ಪ್ರಮಾಣ ನೂರಕ್ಕೆ 22ರಷ್ಟು ಕಡಿಮೆ ಕಂಡಿದೆ. ಆ ಎರಡು ಸೆಕೆಂಡಿನಲ್ಲಿ ಗಾಬರಿಯಿಂದ ಪೂರ್ತಿ ಹಿಡಿದರೂ ಚಕ್ರ ಲಾಕ್ ಆಗಲ್ಲ, ಅದೇ ಗುಟ್ಟು.

ಹಳೇಗಾಡಿ
ನೇರ ಇದ್ದಾಗ. ತಿರುವಿನಲ್ಲಿ ಬಾಗಿರುವಾಗ ಸಾಮಾನ್ಯ ಎಬಿಎಸ್ ಅಷ್ಟು ಕಾಪಾಡಲ್ಲ, ಅದಕ್ಕೆ ಗಾಡಿ ಎಷ್ಟು ಬಾಗಿದೆ ಅಂತ ಅಳೆಯೋ ಸೆನ್ಸರ್ ಜೊತೆಗಿರಬೇಕು. ನಡಿಗೆ ವೇಗದಲ್ಲಿ ಹ್ಯಾಂಡಲ್ ತಿರುಗಿಸಿ ಮುಂದಿನ ಬ್ರೇಕ್ ಹಿಡಿದು ಬೀಳೋದಕ್ಕಂತೂ ಯಾವ ಎಬಿಎಸ್ಸೂ ಅಡ್ಡ ಬರಲ್ಲ. ಈ ಪ್ರಶ್ನೆ ಕೇಳಿದವರಿಗೆ ಬೇಕಿರೋದು ಅಭ್ಯಾಸ.

ಮಳೆಸವಾರ
ಮಳೆಯಲ್ಲಿ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಡೀಸೆಲ್ ಚೆಲ್ಲಿದ ಜಾಗ ಇವುಗಳ ಮೇಲೆ ಬಾಗಿಸಲೂಬಾರದು, ಬ್ರೇಕೂ ಹಿಡಿಯಬಾರದು. ಮೊದಲ ಮಳೆ ಬಿದ್ದ ಸ್ವಲ್ಪ ಹೊತ್ತು ಬಹಳ ಮೋಸ, ಧೂಳು ಎಣ್ಣೆ ಎಲ್ಲ ಮೇಲೆ ತೇಲ್ತಾ ಇರ್ತದೆ. ರೈಲು ಹಳಿ ದಾಟುವಾಗ ಆದಷ್ಟು ಲಂಬವಾಗಿ ದಾಟಬೇಕು. ಓರೆಯಾಗಿ ಹೋದರೆ ಹಳಿ ಮುಂದಿನ ಚಕ್ರವನ್ನು ತನ್ನ ದಾರಿಗೇ ಎಳೀತದೆ.

ನಿಧಾನಸವಾರಿ
ಬಹಳ ಉಪಯೋಗ ಆಗ್ತಿದೆ, ಎಲ್ಲರಿಗೂ ಥ್ಯಾಂಕ್ಸ್. ಎತ್ತೋದು ಹೇಗೆ ಅಂತ ಇನ್ನೂ ಯಾರೂ ಹೇಳಿಲ್ಲ. ಹೋದ ಸಲ ಮೂವರು ಬಂದು ಎತ್ತಿದರು. ಒಬ್ಬಳೇ ಇದ್ದಾಗ ಏನು ಮಾಡಲಿ?

ಗ್ರೀಸ್‌ಕೈ
ಇಷ್ಟು ಹೊತ್ತು ಗ್ಯಾರೇಜಲ್ಲಿದ್ದೆ, ಈಗ ನೋಡ್ದೆ. ಒಬ್ಬರೇ ಎತ್ತಬಹುದು ಮೇಡಂ, ನಮ್ಮಲ್ಲಿ ಕೆಲಸ ಕಲಿಯೋ ಹುಡುಗ ನಿಮಗಿಂತ ಸಣ್ಣಗಿದಾನೆ, ಇದಕ್ಕಿಂತ ಭಾರದ ಗಾಡಿ ಎತ್ತುತ್ತಾನೆ. ಎತ್ತೋ ಮೊದಲು ಕೀ ಆಫ್ ಮಾಡಿ. ಹಳೇ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ. ಗೇರಿನಲ್ಲಿ ಇರಲಿ, ನ್ಯೂಟ್ರಲ್‌ನಲ್ಲಿದ್ದರೆ ಎತ್ತೋವಾಗ ಉರುಳಿ ಹೋಗುತ್ತೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡಿ, ಎತ್ತಿ ನಿಲ್ಲಿಸಿದ ಮೇಲೆ ಎಡಕ್ಕೆ ವಾಲಿದರೂ ಸ್ಟ್ಯಾಂಡ್ ಮೇಲೆ ಕೂರುತ್ತೆ. ಎಡಕ್ಕೆ ಬಿದ್ದಿದ್ದರೆ ಆ ಸೌಲಭ್ಯ ಇಲ್ಲ, ಎತ್ತಿದ ರಭಸಕ್ಕೆ ಆಚೆಗೆ ಬೀಳಿಸದ ಹಾಗೆ ಕೊನೆಯಲ್ಲಿ ನಿಧಾನ ಮಾಡಿ.

ಹ್ಯಾಂಡಲ್ಲನ್ನ ಗಾಡಿ ಬಿದ್ದಿರೋ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು ಸೊಂಟದ ಕೆಳಭಾಗವನ್ನ ಸೀಟಿನ ಅಂಚಿಗೆ ಒತ್ತಿ. ಒಂದು ಕೈ ನೆಲದ ಹತ್ತಿರ ಇರೋ ಹಿಡಿಗೆ, ಇನ್ನೊಂದು ಕೈ ಹಿಂದಿನ ಗ್ರ್ಯಾಬ್ ರೈಲಿಗೋ ಫ್ರೇಮಿಗೋ. ಬೆನ್ನು ನೆಟ್ಟಗಿರಲಿ, ತಲೆ ಮೇಲೆ. ಈಗ ಕಾಲಿನ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಇಡ್ತಾ ಹಿಂದಕ್ಕೆ ತಳ್ಳಿ. ಕೈಯಲ್ಲಿ ಎಳೀಬೇಡಿ, ಬೆನ್ನು ಬಗ್ಗಿಸಿ ಎತ್ತಬೇಡಿ. ಜಲ್ಲಿ, ಎಣ್ಣೆ ಮೇಲೆ ಕಾಲು ಜಾರುತ್ತೆ ಅನ್ನಿಸಿದರೆ ಎತ್ತೋಕೆ ಹೋಗಬೇಡಿ, ಯಾರಾದರೂ ಬರೋವರೆಗೆ ಕಾಯಿರಿ.

ದಾದಿಅಕ್ಕ
ರಸ್ತೆ ಮಧ್ಯ ಬಿದ್ದಿದ್ದರೆ ಮೊದಲು ನೀವು ಪಕ್ಕಕ್ಕೆ ಹೋಗಿ. ಗಾಡಿ ಆಮೇಲೆ. ಬಿದ್ದ ಕೂಡಲೇ ದಡಬಡಿಸಿ ಎದ್ದು ಗಾಡಿ ಎತ್ತೋಕೆ ಹೋಗೋರನ್ನ ನೋಡಿದರೆ ನನಗೆ ಭಯ ಆಗುತ್ತೆ. ಆ ಹೊತ್ತಿಗೆ ನೋವೇ ಗೊತ್ತಾಗಲ್ಲ.

ಸಂಜೆಸವಾರ
ಎತ್ತಿದ ಮೇಲೆ ಸ್ಟಾರ್ಟ್ ಆಗದಿದ್ರೆ? ನನ್ನದು ಒಮ್ಮೆ ಹಾಗೇ ಆಯ್ತು, ಎಂಜಿನ್ ಹೋಯ್ತು ಅಂದುಕೊಂಡೆ.

ಗ್ರೀಸ್‌ಕೈ
ಹೋಗಿರಲ್ಲ. ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಬಿದ್ದಾಗ ಎಂಜಿನ್ ಆಫ್ ಮಾಡೋ ಸೆನ್ಸರ್ ಇರುತ್ತೆ. ಕೀ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ಹೆಚ್ಚು ನುಗ್ಗಿರುತ್ತೆ, ಐದು ಹತ್ತು ನಿಮಿಷ ಬಿಟ್ಟು ಚೋಕ್ ಇಲ್ಲದೆ ಹೊಡೀರಿ. ಮೊದಲು ಸ್ವಲ್ಪ ಬಿಳಿ ಹೊಗೆ ಬಂದರೆ ಗಾಬರಿ ಬೇಡ.

ಹೊರಡೋ ಮೊದಲು ನೋಡಬೇಕಾದ್ದರಲ್ಲಿ ನಾನು ಮೊದಲಿಗೆ ಇಡೋದು ಆಕ್ಸಿಲರೇಟರ್. ತಿರುಗಿಸಿ ಬಿಟ್ಟರೆ ತಾನೇ ಪಟ್ ಅಂತ ವಾಪಸ್ ಬರಬೇಕು, ಹ್ಯಾಂಡಲ್ ಪೂರ್ತಿ ಎಡಕ್ಕೆ ಇದ್ದಾಗಲೂ ಬಲಕ್ಕೆ ಇದ್ದಾಗಲೂ. ಹಿಡಿಯ ತುದಿ ಒಳಗೆ ಒತ್ತಿಕೊಂಡು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಆ ಗಾಡಿ ಸ್ಟಾರ್ಟೇ ಮಾಡಬಾರದು. ಆಮೇಲೆ ಮುಂದಿನ ಬ್ರೇಕ್ ಲಿವರ್ ಗಟ್ಟಿ ಇದೆಯಾ, ಮೆತ್ತಗಾಗಿದೆಯಾ ನೋಡಿ. ಹಿಂದಿನ ಬ್ರೇಕ್ ಪೆಡಲ್ ಬಾಗಿ ಒತ್ತಿಕೊಂಡೇ ಇದ್ದರೆ ಡ್ರಮ್ಮೋ ಡಿಸ್ಕೋ ಕಾದು ಕೆಂಪಾಗುತ್ತೆ. ಗೇರ್ ಲಿವರ್ ಎಂಜಿನ್ ಕವರ್‌ಗೆ ಅಂಟಿಕೊಂಡಿದ್ದರೆ ಗೇರ್ ಬೀಳಲ್ಲ. ಬಗ್ಗಿ ಕವರ್ ಕೆಳಗೆ ನೋಡಿ, ಬಿರುಕಿಂದ ಎಣ್ಣೆ ಸೋರಿದರೆ ಅದು ಹಿಂದಿನ ಟೈರಿಗೇ ಹೋಗುತ್ತೆ.

ಮುಂದಿನ ಚಕ್ರ ನೇರ ಇದ್ದು ಹ್ಯಾಂಡಲ್ ಸೊಟ್ಟ ಕಂಡರೆ "ಫೋರ್ಕ್ (ಮುಂದಿನ ಚಕ್ರ ಹಿಡಿದಿರೋ ಜೋಡಿ ಪೈಪು) ಬೆಂಡ್ ಆಗಿದೆ" ಅಂತ ಕೂಡಲೇ ನಂಬಬೇಡಿ. ಎಷ್ಟೋ ಸಲ ಫೋರ್ಕು ತನ್ನ ಹಿಡಿತದಲ್ಲೇ ಸ್ವಲ್ಪ ತಿರುಗಿರುತ್ತೆ, ಬೋಲ್ಟ್ ಸಡಿಲಿಸಿ ಸರಿಮಾಡಿ ಬಿಗಿ ಮಾಡಿದರೆ ಮುಗೀತು.

ಕೆಂಪುಟ್ಯಾಂಕು
ಲಿವರ್ ಮುರೀಬಾರದಂದ್ರ ಕ್ಲ್ಯಾಂಪ್ ಬೋಲ್ಟ್ ಜರಾ ಸಡಿಲ ಬಿಡ್ರಿ. ಬಿದ್ದಾಗ ಮುರಿಯೂ ಬದ್ಲು ತಿರಗತದ.

ಮೂರನೇಗೇರ್
ಬ್ರೇಕ್ ಲಿವರ್ ಸಡಿಲ ಬಿಡೋದಾ? ಜೋರಾಗಿ ಹಿಡಿದಾಗ ತಿರುಗಿಬಿಟ್ಟರೆ?

ಕೆಂಪುಟ್ಯಾಂಕು
ಕೈಲೆ ಎಷ್ಟ ಒತ್ತಿದ್ರೂ ಅಲಗಾಡಬಾರ್ದು, ಬಡತ ಬಿದ್ರ ತಿರಗಬೇಕು. ಅಷ್ಟ ಬಿಗಿ. ಕಚ್ಚಾ ರಸ್ತೆ ಓಡಿಸೋರೆಲ್ಲಾ ಹಂಗ ಇಡತಾರ.

ಹಿಂಬದಿಸೀಟು
ಕ್ರ್ಯಾಶ್ ಗಾರ್ಡ್ ಹಾಕಿಸಿದರೆ ಕಾಲು ಸಿಕ್ಕಿಕೊಳ್ಳೋದೇ ತಪ್ಪುತ್ತಲ್ಲ? ನಮ್ಮ ಗಾಡಿಯಲ್ಲಿದೆ.

ಹಳೇಗಾಡಿ
ನಿಂತಲ್ಲಿ ಬಿದ್ದಾಗ ತಪ್ಪುತ್ತೆ, ಕಾಲಿಗೆ ಸ್ವಲ್ಪ ಜಾಗ ಉಳಿಯುತ್ತೆ. ಅದಕ್ಕೆ ಹಾಕಿಸಿ, ನಾನೂ ಹಾಕಿಸಿದೀನಿ. ಓಡ್ತಿರುವಾಗಿನ ಅಪಘಾತದಲ್ಲಿ ಅದನ್ನ ನಂಬಬೇಡಿ. ಹರ್ಟ್ ವರದಿಯಲ್ಲಿ ಗಾರ್ಡ್ ಇದ್ದವರಿಗೆ ಪಾದದ ಪೆಟ್ಟು ಕಡಿಮೆ ಆಗಿ ತೊಡೆ, ಮಂಡಿ, ಮೊಣಕಾಲ ಕೆಳಗಿನ ಪೆಟ್ಟು ಅಷ್ಟೇ ಹೆಚ್ಚಾಗಿತ್ತು.

ಗ್ರೀಸ್‌ಕೈ
ಅಗ್ಗದ ಗಾರ್ಡ್ ಒಂದೇ ಬೋಲ್ಟಿನಲ್ಲಿ ಫ್ರೇಮಿಗೆ ಕೂರುತ್ತೆ. ಬಿದ್ದ ಪೆಟ್ಟೆಲ್ಲ ಅದೇ ಜಾಗಕ್ಕೆ ಹೋಗಿ ಫ್ರೇಮ್ ಸೀಳಿದ್ದನ್ನ ಕಂಡಿದೀನಿ. ಎರಡು ಮೂರು ಕಡೆ ಹಿಡಿಯೋದನ್ನ ತಗೊಳ್ಳಿ.

ದಾದಿಅಕ್ಕ
ಹೆಲ್ಮೆಟ್ ಬಗ್ಗೆ ಒಂದು ಮಾತು. ತಲೆ ನೆಲಕ್ಕೆ ತಾಗಿದ್ದರೆ, ಮೇಲೆ ಬರೀ ಗೀರು ಕಂಡರೂ, ಆ ಹೆಲ್ಮೆಟ್ ಬದಲಿಸಿ. ಒಳಗಿನ ಥರ್ಮೊಕೋಲಿನಂಥ ಪದರ ಒಮ್ಮೆ ಅದುಮಿದ ಮೇಲೆ ಮತ್ತೆ ಮೊದಲಿನಂತೆ ಆಗಲ್ಲ. ಎಷ್ಟೋ ಅಧ್ಯಯನಗಳನ್ನ ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆ ಪ್ರಕಾರ ಹೆಲ್ಮೆಟ್ಟಿನಿಂದ ಸಾವಿನ ಸಂಭವ ನೂರಕ್ಕೆ 42, ತಲೆಪೆಟ್ಟಿನ ಸಂಭವ ನೂರಕ್ಕೆ 69ರಷ್ಟು ಕಡಿಮೆಯಾಗುತ್ತೆ.

ಬಿದ್ದವರು ಮಾತಾಡ್ತಾ ಓಡಾಡ್ತಾ ಇದ್ದರೂ ತಲೆಗೆ ಪೆಟ್ಟಾಗಿದ್ದರೆ ಆ ದಿನ ಗಾಡಿ ಓಡಿಸೋಕೆ ಬಿಡಬೇಡಿ. ಪದೇ ಪದೇ ವಾಂತಿ, ಏರ್ತಾ ಹೋಗೋ ತಲೆನೋವು, ಮಂಪರು, ಕೇಳಿದ್ದನ್ನೇ ಕೇಳೋದು, ಕಿವಿ ಮೂಗಿಂದ ನೀರು ಅಥವಾ ರಕ್ತ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ. ಪ್ರಜ್ಞೆ ಇಲ್ಲದವರ ಹೆಲ್ಮೆಟ್ಟನ್ನ ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ನೀವಾಗಿ ಕಳಚಬೇಡಿ. ತೆಗೆಯಲೇಬೇಕಾದರೆ ಇಬ್ಬರು ಬೇಕು, ಒಬ್ಬರು ಕತ್ತು ಅಲುಗದ ಹಾಗೆ ಹಿಡೀಬೇಕು.

ಸಂಜೆಸವಾರ
ಹೆಲ್ಮೆಟ್ ಕೈಯಿಂದ ಜಾರಿ ಬಿದ್ದರೂ ಎಸೀಬೇಕಾ?

ದಾದಿಅಕ್ಕ
ಖಾಲಿ ಹೆಲ್ಮೆಟ್ ಒಮ್ಮೆ ಕೈಜಾರಿ ಬಿದ್ದರೆ ಸಾಮಾನ್ಯವಾಗಿ ಬೇಡ. ಒಳಪದರ ಅದುಮೋದು ಒಳಗೆ ತಲೆ ಇದ್ದಾಗ.

ಹಳೇಗಾಡಿ
ಹೆಲ್ಮೆಟ್ ಅಂದಾಗ ನೆನಪಾಗೋದು ಟಿ. ಇ. ಲಾರೆನ್ಸ್, ಅರೇಬಿಯಾದ ಲಾರೆನ್ಸ್ ಅಂತಾರಲ್ಲ, ಮೊದಲ ಮಹಾಯುದ್ಧದ ಬ್ರಿಟಿಷ್ ಸೇನಾಧಿಕಾರಿ, ಅವರು. 1935ರ ಮೇ ತಿಂಗಳಲ್ಲಿ ತಮ್ಮ ಬ್ರಫ್ ಸುಪೀರಿಯರ್ ಬೈಕಿನ ಮೇಲೆ ಹೋಗ್ತಾ ಇಬ್ಬರು ಸೈಕಲ್ ಹುಡುಗರನ್ನ ತಪ್ಪಿಸೋಕೆ ಹೋಗಿ ಬಿದ್ದರು. ತಲೆಗೆ ಏನೂ ಇರಲಿಲ್ಲ, ಆರು ದಿನದ ಮೇಲೆ ತೀರಿಕೊಂಡರು. ಅವರನ್ನ ನೋಡಿಕೊಂಡ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನೋ ನರಶಸ್ತ್ರಚಿಕಿತ್ಸಕರೂ ಇದ್ದರು. ಆಮೇಲೆ ಸೇನೆಯಲ್ಲಿ ಬೈಕ್ ಓಡಿಸಿ ಸಂದೇಶ ಒಯ್ಯುತ್ತಿದ್ದವರ ತಲೆಪೆಟ್ಟುಗಳನ್ನ ಕೇರ್ನ್ಸ್ ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದೂ ಅದೇ ವರ್ಷ. ನಾವು ಇವತ್ತು ಹಾಕೋ ಹೆಲ್ಮೆಟ್ಟಿನ ಹಿಂದೆ ಆ ಕೆಲಸ ಇದೆ.

ಟ್ರ್ಯಾಕ್‌ಪ್ರೇಮಿ
ಬೀಳೋದನ್ನೂ ಕಲೀಬೇಕು ಅನ್ನೋದು ನನ್ನ ಮಾತು. ಸ್ಪೇನಿನ ಬೈಕ್ ರೇಸರ್ ಮಾರ್ಕ್ ಮಾರ್ಕೆಸ್ 2017ರಲ್ಲಿ 27 ಸಲ ಬಿದ್ದು ಅದೇ ವರ್ಷ ಮೋಟೊಜಿಪಿ (ಬೈಕ್ ರೇಸಿನ ವಿಶ್ವ ಸ್ಪರ್ಧೆ) ಚಾಂಪಿಯನ್ ಆದರು.

ದಾದಿಅಕ್ಕ
2020 ಯಾಕೆ ಬಿಟ್ರಿ? ಜೆರೆಸ್‌ನಲ್ಲಿ ಬಿದ್ದು ಬಲತೋಳಿನ ಮೂಳೆ ಮುರಿಯಿತು, ಪ್ಲೇಟ್ ಹಾಕಿದರು, ಅದೇ ವಾರ ಮತ್ತೆ ಬೈಕ್ ಹತ್ತಿದರು. ಕೆಲವೇ ದಿನಗಳಲ್ಲಿ ಪ್ಲೇಟು ಹಾಳಾಗಿ ಮತ್ತೆ ಶಸ್ತ್ರಚಿಕಿತ್ಸೆ. ಒಟ್ಟು ನಾಲ್ಕು ಸಲ, ಕೊನೆಯದು 2022ರಲ್ಲಿ. ಜಗತ್ತಿನ ಅತ್ಯುತ್ತಮ ವೈದ್ಯರು ಜೊತೆಗಿದ್ದವರಿಗೇ ಹೀಗೆ. ಮೂಳೆ ಕೂಡೋಕೆ ಬೇಕಾದ ಸಮಯ ಕೊಡಲೇಬೇಕು. ನಿಧಾನಸವಾರಿ, ನಿಮ್ಮ ಪಾದದ ಗಂಟಿಗೂ ಇದೇ ಮಾತು.

ಟ್ರ್ಯಾಕ್‌ಪ್ರೇಮಿ
ಅದು ಒಪ್ಪಿದೆ. ಆದರೂ ಅವರೆಲ್ಲ ಬಿದ್ದು ಎದ್ದು ಬರೋದು ಮೈಮೇಲಿನ ಸಾಮಾನಿನಿಂದ. 2018ರಿಂದ ಮೋಟೊಜಿಪಿಯಲ್ಲಿ ಏರ್‌ಬ್ಯಾಗ್ ಇರೋ ಸೂಟ್ ಕಡ್ಡಾಯ. ರಸ್ತೆಯಲ್ಲಿ ಓಡಿಸೋರು ಕನಿಷ್ಠ ಗ್ಲೌಸು, ಗಂಟು ಮುಚ್ಚೋ ಬೂಟು ಹಾಕಬೇಕು. ಬೀಳೋವಾಗ ಯಾರೇ ಆದರೂ ಮೊದಲು ಮುಂದೆ ಚಾಚೋದು ಅಂಗೈ.

ನಿಧಾನಸವಾರಿ
ಗುರುವಾರ ಖಾಲಿ ಮೈದಾನದಲ್ಲಿ ಗೆಳತಿ ಜೊತೆ ಅಭ್ಯಾಸ ಮಾಡಿದೆ. ಹಿಂಬದಿಸೀಟು ಹೇಳಿದ ಹಾಗೆ ಎಡಕ್ಕೆ ಸರಿದು ಒಂದೇ ಕಾಲು ಊರಿದರೆ ಗಾಡಿ ಹಗುರ ಆದಂತೆ ಅನ್ನಿಸುತ್ತೆ, ನಂಬೋಕೇ ಆಗಲಿಲ್ಲ. ಹಾಫ್ ಕ್ಲಚ್ಚು, ಹಿಂದಿನ ಬ್ರೇಕು ಇನ್ನೂ ಪೂರ್ತಿ ಕೈಗೆ ಬಂದಿಲ್ಲ, ಬಲಕ್ಕೆ ತಿರುಗೋದು ಎಡಕ್ಕಿಂತ ಕಷ್ಟ. ಹುಲ್ಲಿನ ಮೇಲೆ ಹಳೇ ಹಾಸಿಗೆ ಹಾಕಿ ಗಾಡಿ ಮೆಲ್ಲಗೆ ಮಲಗಿಸಿ ಎತ್ತೋದನ್ನೂ ಮಾಡಿದೆವು. ಎತ್ತಿದೆ! ಮನೆಯವರಿಗೆ ವಿಡಿಯೋ ತೋರಿಸಿದೀನಿ, ಮಾರೋ ಮಾತು ಸದ್ಯಕ್ಕೆ ನಿಂತಿದೆ.

ಹಳೇಗಾಡಿ
ಬಲ ತಿರುವು ಬಹಳ ಜನಕ್ಕೆ ಕಷ್ಟ. ಬಲಗೈಯಲ್ಲಿ ಆಕ್ಸಿಲರೇಟರ್ ಇರುತ್ತಲ್ಲ, ಹ್ಯಾಂಡಲ್ ಪೂರ್ತಿ ತಿರುಗಿದಾಗ ಮಣಿಕಟ್ಟು ಮಡಚಿಕೊಂಡು ಗೊತ್ತಿಲ್ಲದೇ ರೇಸ್ ಏರಿಳಿಯುತ್ತೆ. ತಿರುಗೋ ಮೊದಲೇ ಹಿಡಿಯನ್ನ ಸ್ವಲ್ಪ ಸಡಿಲವಾಗಿ, ಮೊಣಕೈ ಮೇಲೆತ್ತಿ ಹಿಡೀರಿ.

ಹೊಸನಂಬರ್
ವಿಷಯಕ್ಕೆ ಸ್ವಲ್ಪ ಹೊರಗಿನ ಪ್ರಶ್ನೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋಗ್ತಿದೀನಿ. "ಒಂದು ಸಲವೂ ಬಿದ್ದಿಲ್ಲ" ಅಂತಾರೆ. ಗೊತ್ತಾಗೋದು ಹೇಗೆ?

ಗ್ರೀಸ್‌ಕೈ
ಲಿವರ್ ತುದಿ, ಹ್ಯಾಂಡಲ್ ತುದಿ, ಫುಟ್‌ರೆಸ್ಟ್ ತುದಿ, ಸೈಲೆನ್ಸರ್ ಹೊರಮೈ. ನಿಂತಲ್ಲಿ ಬಿದ್ದ ಗಾಡಿಗೆ ಇವಿಷ್ಟೂ ಗೀಚಿರುತ್ತೆ. ಒಂದು ಕಡೆ ಮಾತ್ರ ಎಲ್ಲ ಹೊಸದು ಇದ್ದರೆ ಯಾಕೆ ಬದಲಿಸಿದರು ಅಂತ ಕೇಳಿ. ನಿಂತಲ್ಲಿ ಬಿದ್ದದ್ದಕ್ಕೆ ಹೆದರಬೇಡಿ.

ಜೋರಾಗಿ ಬಿದ್ದದ್ದು ಗೊತ್ತಾಗೋದು ಹ್ಯಾಂಡಲ್ ಕೆಳಗೆ. ಹ್ಯಾಂಡಲ್ ಎರಡೂ ಕಡೆ ಕೊನೆಗೆ ತಿರುಗಿದಾಗ ಫ್ರೇಮಿನ ಒಂದು ಗುಬಟಿಗೆ ತಾಗಿ ನಿಲ್ಲುತ್ತೆ. ಅದು ಜಜ್ಜಿಹೋಗಿದ್ದರೆ, ಬೆಸುಗೆ ಹಾಕಿದ ಗುರುತಿದ್ದರೆ ಗಾಡಿ ವೇಗದಲ್ಲಿ ಬಿದ್ದಿದೆ. ಫೋರ್ಕ್ ಪೈಪಿನ ಮೇಲೆ ಬೆರಳಾಡಿಸಿ, ಉಬ್ಬು ತಗ್ಗು ಸಿಗಬಾರದು. ಹಿಂದೆ ನಿಂತು ಎರಡೂ ಚಕ್ರ ಒಂದೇ ಗೆರೆಯಲ್ಲಿದೆಯಾ ನೋಡಿ. ಓಡಿಸಿದಾಗ ಒಂದು ಕಡೆಗೆ ಎಳೆದರೆ ಬಿಟ್ಟು ಬನ್ನಿ.

ಹೊಸನಂಬರ್
ಆ ಗುಬಟು ನೋಡೋಕೆ ಟಾರ್ಚ್ ಬೇಕಾ?

ಗ್ರೀಸ್‌ಕೈ
ಬೇಕು. ಹಗಲಲ್ಲೇ ಹೋಗಿ, ಆದರೂ ಟಾರ್ಚ್ ತಗೊಂಡು ಹೋಗಿ.